ಹಾಲಿನ ಸಹಕಾರ, ಮೀನಿನ ಸಹಕಾರ

(ಸುದ್ದಗುಂಟೆಪಾಳ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಮುದ್ರದಿಂದ ಮುನ್ನೂರೈವತ್ತು ಕಿಲೋಮೀಟರ್ ದಾರಿ ದೂರವಿರುವ ಈ ಬಡಾವಣೆಯಲ್ಲಿ ಮೀನುಗಾರರ ಸಹಕಾರದ ಬಗ್ಗೆ ಮಾತಾಡುವುದಕ್ಕೆ ಇಲ್ಲಿಯದೇ ಒಂದು ಕಾರಣವಿದೆ. ನಮ್ಮ ಪಕ್ಕದಲ್ಲೇ, ಹೊಸೂರು ರಸ್ತೆಯ ಅಂಚಿಗೆ, ಬೆಂಗಳೂರು ಡೈರಿ ಇದೆ. ಕರ್ನಾಟಕ ಹಾಲು ಮಹಾಮಂಡಳದ ಕೇಂದ್ರ ಕಚೇರಿಯೂ ಅಲ್ಲೇ. ಆನೇಕಲ್, ಕನಕಪುರ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಎರಡು ಹಸು ಕಟ್ಟಿದವರು ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಂಘದ ಬಾಗಿಲಿಗೆ ಹೋಗಿ ಹಾಕಿದ ಹಾಲು ಇಲ್ಲಿಗೆ ಬಂದು ಸೇರುತ್ತದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೈರಿ ಅಭಿವೃದ್ಧಿ ನಿಗಮವಾಗಿ ಹುಟ್ಟಿ, 1984ರಲ್ಲಿ ಮಹಾಮಂಡಳವಾದ ಸಂಸ್ಥೆ ಅದು. ಸಹಕಾರ ಎಂದರೇನು ಎಂದು ಈ ಊರಿನ ಮಕ್ಕಳನ್ನು ಕೇಳಿದರೆ ನಂದಿನಿ ಪ್ಯಾಕೆಟ್ ತೋರಿಸಿಯಾರು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಇದೇ ರಾಜ್ಯದ ಕರಾವಳಿಗೆ ಹೋದರೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹಾಲಿಗೆ ಒದಗಿದ ಸಹಕಾರ ಮೀನಿಗೆ ಯಾಕೆ ಒದಗಲಿಲ್ಲ? ಮೀನುಗಾರರ ಸಹಕಾರ ಸಂಘಗಳು ಇವೆ, ಫೆಡರೇಶನ್ನುಗಳಿವೆ, ಅಗ್ಗದ ಡೀಸೆಲ್ಲು, ಮಂಜುಗಡ್ಡೆ, ಸಾಲ ಎಲ್ಲವೂ ಇವೆ. ಆದರೂ ಹೊಳೆಯ ಬಾಯಲ್ಲಿ ಸಣ್ಣ ದೋಣಿ ಇಟ್ಟುಕೊಂಡವನ, ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವಳ ಬದುಕು ಆನೇಕಲ್ಲಿನ ಹೈನುಗಾರ್ತಿಯ ಬದುಕಿನ ಹಾಗೆ ಒಂದು ನೆಲೆಗೆ ಬಂದಿಲ್ಲ. ಮೀನುಗಾರರಲ್ಲಿ ಒಗ್ಗಟ್ಟಿಲ್ಲ, ಅವರು ಸಹಕಾರಕ್ಕೆ ಒಗ್ಗುವವರಲ್ಲ ಎಂದು ಅಧಿಕಾರಿಗಳೂ ಬ್ಯಾಂಕಿನವರೂ ಹೇಳಿಬಿಡುತ್ತಾರೆ. ಈ ಮಾತು ಸುಳ್ಳು ಎಂದು ಹೇಳುವುದಕ್ಕಾಗಿಯೇ ನಾನಿಲ್ಲಿ ನಿಂತಿದ್ದೇನೆ. ನಮ್ಮ ಕರಾವಳಿಯ ಮೀನುಗಾರರಿಗೆ ಸಹಕಾರ ಯಾರೂ ಕಲಿಸಬೇಕಾಗಿರಲಿಲ್ಲ. ಇದ್ದ ಸಹಕಾರವನ್ನು ಗುರುತಿಸದೆ ನಾವು ಬೇರೊಂದು ಬಗೆಯದನ್ನು ತಂದು ಅವರ ಮೇಲೆ ಹೊದಿಸಿದೆವು.

ಹಾಲಿನ ಲೆಕ್ಕವನ್ನೇ ನೋಡಿ. ಹಸು ನಿಮ್ಮದು, ಕೊಟ್ಟಿಗೆ ನಿಮ್ಮದು. ನಿಮ್ಮ ಹಸು ಎಂಟು ಲೀಟರ್ ಕೊಟ್ಟಿತೆಂದು ಪಕ್ಕದ ಮನೆಯ ಹಸುವಿನ ಕೆಚ್ಚಲು ಬತ್ತುವುದಿಲ್ಲ. ಆದ್ದರಿಂದ ಹಾಲಿನಲ್ಲಿ ಸಹಕಾರ ಬೇಕಾಗುವುದು ಕರೆದ ಮೇಲೆ: ಅಳತೆಗೆ, ಜಿಡ್ಡಿನಂಶದ ಪರೀಕ್ಷೆಗೆ, ಬೆಲೆಗೆ, ಸಾಗಣೆಗೆ. ಮೀನಿನಲ್ಲಿ ಹಾಗಾಗುವುದಿಲ್ಲ. ಹೊಳೆಯ ಬಾಯಿಗೆ ನಾನು ಅಡ್ಡಲಾಗಿ ಬಲೆ ಕಟ್ಟಿದರೆ ಮೇಲಿನ ಕುರ್ವೆಯವನ, ಅಂದರೆ ಹೊಳೆಯ ನಡುಗಡ್ಡೆಯವನ, ಬಲೆಗೆ ಮೀನು ಏರುವುದೇ ಇಲ್ಲ. ನಾನು ಹಿಡಿದದ್ದು ನಿನಗಿಲ್ಲ, ಮರಿಯನ್ನು ಇವತ್ತು ಹಿಡಿದರೆ ನಾಳೆ ಇಬ್ಬರಿಗೂ ಇಲ್ಲ. ಇಲ್ಲಿ ಸಹಕಾರ ಶುರುವಾಗಬೇಕಾದದ್ದು ಮೀನು ದಡಕ್ಕೆ ಬರುವ ಮೊದಲು: ಯಾರು, ಎಲ್ಲಿ, ಯಾವಾಗ, ಎಂಥ ಬಲೆಯಲ್ಲಿ ಎಂಬುದರಲ್ಲಿ. ಮಾರುಕಟ್ಟೆಯ ಮಾತು ಆಮೇಲಿನದು. ನಮ್ಮ ಸಹಕಾರ ಸಂಘಗಳು ಆ ಆಮೇಲಿನದರಿಂದ ಶುರುಮಾಡಿದವು.

ಇದಕ್ಕೂ ಒಂದು ಚರಿತ್ರೆ ಇದೆ. 1904ರ ಕಾಯ್ದೆ ಸಾಲದ ಸಹಕಾರ ಸಂಘಗಳಿಗೆಂದು ಬಂದದ್ದು. ಅದರ ಮರುವರ್ಷವೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಕನ್ನಡ ನಾಡಿನ ಹೆಮ್ಮೆ ಅದು. ಬಡ್ಡಿಯವನ ಕೈಯಿಂದ ರೈತನನ್ನು ಬಿಡಿಸುವುದು ಅಂದಿನ ತುರ್ತು, ಸಂಘ ಅದಕ್ಕೆ ತಕ್ಕ ಆಕಾರ ಪಡೆಯಿತು. 1913ರಲ್ಲಿ ರತ್ನಾಗಿರಿ ಜಿಲ್ಲೆಯ ಕಾರ್ಲಾದಲ್ಲಿ ದೇಶದ ಮೊದಲ ಮೀನುಗಾರರ ಸಹಕಾರ ಸಂಘ ಹುಟ್ಟಿದಾಗ ಅದಕ್ಕೂ ಅದೇ ಅಂಗಿ ತೊಡಿಸಿದರು. ಮುಂದೆ ಹಾಲಿನ ಯಶಸ್ಸು ಕಂಡಮೇಲೆ ಅದರ ಅಳತೆಯೂ ಸೇರಿಕೊಂಡಿತು. ಸಾಲ, ಖರೀದಿ, ಮಾರಾಟ. ನೀರಿನ ಮಾತು ಬೈಲಾದೊಳಗೆ ಬರಲೇ ಇಲ್ಲ.

ಹಾಗಾದರೆ ಇದ್ದ ಸಹಕಾರ ಯಾವುದು? ಮೊದಲು ರಂಪಣಿಯ ವಿಚಾರ ಹೇಳಬೇಕು. ಇಲ್ಲಿ ಕುಳಿತಿರುವ ಕುಂದಾಪುರ, ಉಡುಪಿ, ಕುಮಟಾ ಕಡೆಯವರಿಗೆ ಅಜ್ಜನ ಬಾಯಲ್ಲಿ ಕೇಳಿದ ನೆನಪಿರಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಗೋವೆಯ ಕಡೆಯಿಂದ ನಮ್ಮ ದಂಡೆಗೆ ಬಂದ ದೊಡ್ಡ ಎಳೆಬಲೆ ಅದು. ಬಿಡಿಸಿದರೆ ಒಂದು ಕಿಲೋಮೀಟರಿಗೂ ಉದ್ದ. ಅಷ್ಟುದ್ದದ ಬಲೆಯನ್ನು ಒಬ್ಬ ಕೊಳ್ಳಲಾರ, ಕೊಂಡರೂ ಎಳೆಯಲಾರ. ಹಾಗಾಗಿ ಬಲೆಯೇ ತುಂಡು ತುಂಡಾಗಿ ಹಂಚಿಕೆಯಾಗಿತ್ತು. ಒಬ್ಬೊಬ್ಬ ಪಾಲುದಾರ ಒಂದೊಂದು ತುಂಡು ತರುತ್ತಿದ್ದ, ಎಲ್ಲ ತುಂಡು ಹೊಲಿದರೆ ಒಂದು ರಂಪಣಿ. ಅರವತ್ತು, ಎಂಬತ್ತು, ನೂರು ಜನ ಸೇರಿದ ಗುಂಪು. ಮಳೆಗಾಲ ಕಳೆದು ಬಂಗುಡೆ ದಡಕ್ಕೆ ಹತ್ತಿರ ಬರುವ ತಿಂಗಳುಗಳಲ್ಲಿ ನೀರಿನ ಬಣ್ಣ ನೋಡಿ ಹಿಂಡು ಗುರುತಿಸುವ ಅನುಭವಿ ಕಣ್ಣೊಂದು ಸದಾ ಕಡಲ ಮೇಲಿರುತ್ತಿತ್ತು. ಅವನು ಸನ್ನೆ ಮಾಡಿದರೆ ದೋಣಿ ಹೊರಟು, ಹಿಂಡಿಗೆ ಸುತ್ತು ಹಾಕಿ, ಬಲೆಯ ಎರಡು ತುದಿಗಳನ್ನು ದಡಕ್ಕೆ ತರುತ್ತಿತ್ತು. ಆಮೇಲೆ ಎಳೆಯುವುದು ಇಡೀ ಊರು. ಬೊಬ್ಬೆ ಕೇಳಿ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದವನಿಗೂ ಮೀನಿತ್ತು.

ನನಗೆ ಎಲ್ಲಕ್ಕಿಂತ ಅಚ್ಚರಿ ತರುವ ಸಂಗತಿ ಇನ್ನೊಂದಿದೆ. ಮೀನು ತೀರಾ ಹೆಚ್ಚು ಬಿದ್ದ ದಿನ ಅದನ್ನೆಲ್ಲ ಒಟ್ಟಿಗೆ ದಡಕ್ಕೆ ಎಳೆಯುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಬೇಕಾದರೆ ಇನ್ನೊಂದು ಬಲೆಯ ಕಾವಲು ಕೊಟ್ಟು, ಎರಡು ಮೂರು ದಿನ ಮೀನನ್ನು ಜೀವಂತ ಕೂಡಿಟ್ಟು, ಪೇಟೆ ಎಳೆದುಕೊಳ್ಳುವಷ್ಟನ್ನೇ ತೆಗೆಯುತ್ತಿದ್ದರು. ಬೆಲೆ ಬೀಳದಂತೆ ಕಾಯುವ ಈ ಕೆಲಸಕ್ಕೆ ಶೈತ್ಯಾಗಾರ ಬೇಕಿರಲಿಲ್ಲ, ನೂರು ಜನ ಒಂದು ಮಾತಿಗೆ ನಿಲ್ಲುವುದು ಬೇಕಿತ್ತು. ಬಲೆಗೆ ಇಷ್ಟು ಪಾಲು, ದೋಣಿಗೆ ಇಷ್ಟು, ದುಡಿಮೆಗೆ ಇಷ್ಟು, ದೇವಸ್ಥಾನಕ್ಕೆ ಇಷ್ಟು, ಕೆಲವು ಊರುಗಳಲ್ಲಿ ಕೈಲಾಗದ ಮನೆಗಳಿಗೂ ಇಷ್ಟು ಎಂಬ ಲೆಕ್ಕ ಯಾವ ರಿಜಿಸ್ಟ್ರಾರರ ಮುದ್ರೆಯೂ ಇಲ್ಲದೆ ನಡೆದುಬಂತು.

ರಂಪಣಿಯನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಬಲೆಯ ಪಾಲು ಹೆಚ್ಚಿದ್ದವನ ಮಾತು ಹೆಚ್ಚು ನಡೆಯುತ್ತಿತ್ತು, ಸಾಲ ಕೊಟ್ಟ ವ್ಯಾಪಾರಿಯ ನೆರಳು ಲೆಕ್ಕದ ಮೇಲಿತ್ತು, ಜಾತಿಯ ಗೆರೆ ಮೀರಿ ಪಾಲುದಾರನಾಗುವುದು ಸುಲಭವಿರಲಿಲ್ಲ. ಮೀನನ್ನು ಬುಟ್ಟಿಯಲ್ಲಿ ಹೊತ್ತು ಹತ್ತಾರು ಮೈಲಿ ನಡೆದು ಮಾರಿದ ಹೆಂಗಸಿಗೆ ಬಲೆಯಲ್ಲಿ ತುಂಡಿರಲಿಲ್ಲ. ಆದರೂ ಮೀನು, ಬಲೆ, ಕೈ, ಪೇಟೆ ನಾಲ್ಕನ್ನೂ ಒಟ್ಟಿಗೆ ನೋಡಿದ ಏರ್ಪಾಟು ನಮ್ಮ ದಂಡೆಯಲ್ಲಿ ಅದೊಂದೇ.

ಅದು ಹೇಗೆ ಮುಗಿಯಿತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಹೊತ್ತ ಯಾಂತ್ರಿಕ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವವರೆಗೆ ಕಾಯುವ ಅಗತ್ಯ ಅವಕ್ಕಿಲ್ಲ, ಆಚೆಯೇ ಹೋಗಿ ಸುತ್ತುಗಟ್ಟಿದವು. ದಡದಲ್ಲಿ ಕಾಯುತ್ತಿದ್ದವರ ಬಲೆ ಖಾಲಿ. ದಶಕ ಮುಗಿಯುವ ಹೊತ್ತಿಗೆ ರಂಪಣಿಗಾರರು ಬೀದಿಗಿಳಿದು ಹೋರಾಡಿದರು. ಸರ್ಕಾರ ಕಂಡ ಪರಿಹಾರ ಅವರಿಗೂ ಸಾಲ ಕೊಟ್ಟು ಪರ್ಸೀನ್ ಕೊಡಿಸುವುದು. ಕೆಲವು ಗುಂಪುಗಳು ಸೇರಿ ಕೊಂಡವು, ಕಾಲಕ್ರಮದಲ್ಲಿ ಕೆಲವರು ಮಾಲೀಕರಾದರು, ಉಳಿದವರು ಅವರಲ್ಲಿ ಆಳಾದರು. 1980ರ ದಶಕ ಕಾಲಿಟ್ಟಾಗ ದೊಡ್ಡ ರಂಪಣಿಗಳು ಮೂಲೆ ಸೇರಿದ್ದವು. ಕಡಲ ಮೀನುಗಾರಿಕೆಗೆ ಕಡಿವಾಣ ಹಾಕುವ ರಾಜ್ಯದ ಕಾಯ್ದೆ ಬಂದದ್ದು 1986ರಲ್ಲಿ. ಕಾಯ್ದೆ ಬರುವ ಮೊದಲೇ ಕಾಯ್ದೆಯಂತೆ ಬಾಳಿದವರು ಚದುರಿದ್ದರು.

ರಂಪಣಿ ಪೂರ್ತಿ ಅಳಿಯಲಿಲ್ಲ ಎಂಬುದು ಸಮಾಧಾನ. ಮಲ್ಪೆ, ಪಡುಕೆರೆ, ಹೆಜಮಾಡಿಯ ಮರಳ ಮೇಲೆ ಕೈರಂಪಣಿ ಎಳೆಯುವವರನ್ನು ಇವತ್ತಿಗೂ ನೋಡಬಹುದು. ಅವರ ಗುಂಪಿಗೆ ಫಂಡು ಎನ್ನುತ್ತಾರೆ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಅರವತ್ತೊಂದು ದಿನ, ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಕಡಲು ತೆರೆದಿರುತ್ತದೆ. ಆಗ ಮಾಟುಬಲೆಯ ಜೋಡಿದೋಣಿಗಳಲ್ಲಿ ಹತ್ತಾರು ಜನ ಪಾಲಿನ ಲೆಕ್ಕದಲ್ಲಿ ಹೊರಡುತ್ತಾರೆ. ಹಳೆಯ ಅಭ್ಯಾಸ ಮಳೆಗಾಲದಲ್ಲಿ ಮತ್ತೆ ಚಿಗುರುತ್ತದೆ.

ಈಗ ದಂಡೆ ಬಿಟ್ಟು ಹೊಳೆಯ ಒಳಗೆ, ದ್ವೀಪಗಳಿಗೆ ಬರೋಣ. ಕರ್ನಾಟಕದ ದ್ವೀಪ ಎಂದರೆ ನಗರದವರಿಗೆ ನೆನಪಾಗುವುದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ಅಥವಾ ಮುರುಡೇಶ್ವರದಾಚೆಯ ನೇತ್ರಾಣಿ. ಅಲ್ಲಿ ಜನವಸತಿ ಇಲ್ಲ. ಜನ ಬಾಳುವ ದ್ವೀಪಗಳಿರುವುದು ಪಶ್ಚಿಮಕ್ಕೆ ಹರಿಯುವ ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ. ಕಾಳಿಯಲ್ಲಿ ಉಂಬಳಿಜೂಗ, ಅಘನಾಶಿನಿಯಲ್ಲಿ ಐಗಳಕುರ್ವೆ, ಶರಾವತಿಯಲ್ಲಿ ಮಾವಿನಕುರ್ವೆ, ಕುಂದಾಪುರದ ಪಂಚಗಂಗಾವಳಿಯಲ್ಲಿ ಉಪ್ಪಿನಕುದ್ರು, ಕನ್ನಡಕುದ್ರು, ಸ್ವರ್ಣೆಯಲ್ಲಿ ಪಡುಕುದ್ರು, ಮಂಗಳೂರಿನ ಬಳಿ ನೇತ್ರಾವತಿಯಲ್ಲಿ ಪಾವೂರು ಉಳಿಯ. ಉಪ್ಪಿನಕುದ್ರು ಎಂದರೆ ಬೆಂಗಳೂರಿನ ಕಲಾರಸಿಕರು ಕೊಗ್ಗ ಕಾಮತರ ಯಕ್ಷಗಾನ ಗೊಂಬೆಯಾಟ ಎನ್ನುತ್ತಾರೆ, ಸರಿಯೇ. ಅದೇ ಕುದ್ರುವಿನ ಸುತ್ತಲ ನೀರಿನಲ್ಲಿ ಬೀಸುಬಲೆ ಎಸೆದು ಬದುಕುವವರೂ ಇದ್ದಾರೆ. ಒಂದು ಕಡೆ ಉಪ್ಪು ನೀರು, ಇನ್ನೊಂದು ಕಡೆ ಮಳೆಗಾಲದ ಸಿಹಿ ನೀರು, ನಡುವೆ ಅಂಗೈಯಗಲದ ನೆಲ. ಇಂಥ ಕಡೆ ನೆರೆಯವನೊಂದಿಗೆ ಒಪ್ಪಂದವಿಲ್ಲದೆ ಒಂದು ಮಳೆಗಾಲವನ್ನೂ ದಾಟಲಾಗದು.

ಅಘನಾಶಿನಿಯ ಗಜನಿಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉಬ್ಬರದ ನೀರು ಏರುವ ತಗ್ಗು ನೆಲಕ್ಕೆ ಸುತ್ತ ಕಟ್ಟೆ ಹಾಕಿ, ಕಟ್ಟೆಯಲ್ಲಿ ಹಲಗೆಬಾಗಿಲಿಟ್ಟು ಮಾಡಿದ ಗದ್ದೆಗಳವು. ಮಳೆ ಹಿಡಿದು ಉಪ್ಪು ತೊಳೆದ ಮೇಲೆ ಅಲ್ಲಿ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಕಗ್ಗ ಉಪ್ಪನ್ನು ತಾಳುತ್ತದೆ, ನೆರೆ ಬಂದು ಮುಳುಗಿದರೂ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕುಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲೆತ್ತಿ ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿಮರಿ, ಮೀನುಮರಿ ಅದರೊಂದಿಗೆ ಬಂದು, ಕೊಳೆಯುವ ಆ ಹುಲ್ಲನ್ನು ಆಶ್ರಯಿಸಿ ಬೆಳೆಯುತ್ತವೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಇದರ ಜೀವ ಇರುವುದು ಕಟ್ಟೆಯಲ್ಲಿ. ನೂರು ಮನೆಯ ಗದ್ದೆಗೆ ಒಂದೇ ಕಟ್ಟೆ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಮಣ್ಣು, ಕಲ್ಲು, ಗಿಡಗಂಟಿ ಹಾಕಿ ವರ್ಷವರ್ಷವೂ ಕಟ್ಟೆಯನ್ನು ಊರವರೇ ಕೂಡಿ ಕಟ್ಟಿಕೊಳ್ಳುತ್ತಿದ್ದರು. ಬಾಗಿಲನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಒಬ್ಬನ ಇಷ್ಟಕ್ಕೆ ಬಿಡುತ್ತಿರಲಿಲ್ಲ. ಭತ್ತದವನಿಗೆ ಬೇಗ ಮುಚ್ಚಬೇಕು, ಮೀನಿನವನಿಗೆ ತೆರೆದಿರಬೇಕು. ಹಲವು ಮನೆಗಳಲ್ಲಿ ಇಬ್ಬರೂ ಒಬ್ಬನೇ. ಬೆಳೆ ಮುಗಿದ ಮೇಲೆ ಗಜನಿಯ ಮೀನನ್ನು ಒಟ್ಟಾಗಿ ಹಿಡಿದೋ ಹರಾಜು ಹಾಕಿಯೋ ಗದ್ದೆಯ ಅಳತೆಗೆ ಹಂಚಿಕೊಳ್ಳುತ್ತಿದ್ದರು. ಗದ್ದೆ ಇಲ್ಲದ ಬಡವ ಗಾಳವನ್ನೋ ಕೈಬಲೆಯನ್ನೋ ಹಿಡಿದು ಬಂದರೆ ಹಲವು ಗಜನಿಗಳಲ್ಲಿ ಅಡ್ಡಿಯಿರಲಿಲ್ಲ.

1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ (ಉಪ್ಪುನೆಲ) ಯೋಜನೆಯಲ್ಲಿ ಕಲ್ಲಿನ ಕಾಯಂ ಕಟ್ಟೆ ಕಟ್ಟಿಸಿಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಊರು ಕೂಡುತ್ತಿದ್ದ ಕಾರಣವೇ ಹೋಯಿತು. ಆಮೇಲೆ 1990ರ ದಶಕದಲ್ಲಿ ಸಿಗಡಿಯ ಚಿನ್ನದ ಬೆಲೆ ಬಂತು. ಗುತ್ತಿಗೆದಾರರು ಇಡೀ ಗಜನಿಯನ್ನು ವರ್ಷಗಟ್ಟಲೆ ಗುತ್ತಿಗೆ ಹಿಡಿದರು. ಅವರಿಗೆ ಭತ್ತ ಬೇಡ, ವರ್ಷವಿಡೀ ಉಪ್ಪು ನೀರು ಬೇಕು. ಕಗ್ಗ ಹಿಂದೆ ಸರಿಯಿತು, ಗಾಳದವನಿಗೆ ಕಾವಲುಗಾರ ಅಡ್ಡ ನಿಂತ. ದಶಕದ ನಡುವಿನಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೃಷಿಯ ಮೇಲೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಹೂಡಿದವರು ಹೊರಟರು. ಬಿದ್ದ ಕಟ್ಟೆ ಮತ್ತು ಬಿಟ್ಟುಹೋದ ಅಭ್ಯಾಸ ಊರಿಗೆ ಉಳಿದವು. ಕಟ್ಟೆಯನ್ನು ಹಣ ಕೊಟ್ಟು ಕಟ್ಟಿಸಬಹುದು. ಕೂಡಿ ನಿರ್ಧರಿಸುವ ರೂಢಿ ಒಮ್ಮೆ ತಪ್ಪಿದರೆ ಹಣ ಎಷ್ಟಿದ್ದರೂ ಅದು ಮರಳುವುದಕ್ಕೆ ತಲೆಮಾರು ಬೇಕು. ಮಾಣಿಕಟ್ಟಾದಂಥ ಊರಿನ ರೈತರು ಇನ್ನೂ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಅವರಿಗೆ ನಾವೆಲ್ಲ ಋಣಿಗಳು.

ಇದೇ ಹೊಳೆಯ ಬಳಚಿನ ಕತೆ ಇನ್ನೂ ದೊಡ್ಡದು. ಮಂಗಳೂರಿನ ಕಡೆ ಮರುವಾಯಿ ಎನ್ನುವ ಚಿಪ್ಪುಮೀನು. ಇಳಿತಕ್ಕೆ ಹೊಳೆಯ ಮಡಿಲು ತೆರೆದಾಗ ಹೆಂಗಸರು ಸೊಂಟಮಟ್ಟದ ನೀರಿಗಿಳಿದು ಕಾಲಿನಿಂದ ತಡಕಿ, ಕೈಯಿಂದ ತೆಗೆದು ಬುಟ್ಟಿ ತುಂಬಿಸುತ್ತಾರೆ, ಗಂಡಸರು ದೋಣಿಯಿಂದ ಮುಳುಗಿ ತೆಗೆಯುತ್ತಾರೆ. ಬಂಡವಾಳ ಬೇಡದ, ಜಮೀನು ಬೇಡದ ದುಡಿಮೆ. ನಮ್ಮ ಊರಿನದೇ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಹೊರಬರುತ್ತಿದೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನು ನೇರವಾಗಿ ನಂಬಿದ್ದಾರೆ ಎಂದು ತಿಳಿಯಿತು. ಅದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಮಾತು ಎದ್ದಿದ್ದ ದಿನಗಳವು. ಬೀಳುಬಿದ್ದ ಖಾಲಿ ಜೌಗು ಎಂದು ಕಡತದಲ್ಲಿ ಕಾಣುತ್ತಿದ್ದ ನೆಲ ಎಷ್ಟು ಮನೆಗಳ ಒಲೆ ಉರಿಸುತ್ತಿದೆ ಎಂದು ತೋರಿಸಿದ ಲೆಕ್ಕ ಅದು. ಜನರ ವಿರೋಧದಿಂದ ಆ ಯೋಜನೆ ನಿಂತುಹೋಯಿತು. 2024ರ ಆರಂಭದಲ್ಲಿ 4,801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು.

ಆದರೂ ಬಳಚು ತೆಗೆಯುವ ಆ ಹೆಂಗಸರಿಗೆ ಆ ಹೊಳೆಯ ಮೇಲೆ ಕಾಗದದ ಹಕ್ಕು ಯಾವುದೂ ಇಲ್ಲ. ಎಳೆಯ ಚಿಪ್ಪು ಬಿಡಬೇಕು, ಬೀಜಕ್ಕೆ ಕಾಲ ಕೊಡಬೇಕು ಎಂದು ಅವರು ಒಪ್ಪಿಕೊಂಡರೂ ಹೊರಗಿನಿಂದ ಲಾರಿ ತಂದು ಕೊಂಡುಹೋಗುವವನನ್ನು ತಡೆಯುವ ಬಲ ಅವರಿಗಿಲ್ಲ. ಪಕ್ಕದ ಕೇರಳದಲ್ಲಿ, ಕೊಲ್ಲಂನ ಅಷ್ಟಮುಡಿಯಲ್ಲಿ ಇರುವುದು ಇದೇ ಜಾತಿಯ ಬಳಚು. ಅಲ್ಲೂ ಅತಿಯಾಗಿ ತೆಗೆದು ಇಳುವರಿ ಕುಸಿದಿತ್ತು. ಅವರು ಡಿಸೆಂಬರಿನಿಂದ ಫೆಬ್ರುವರಿಯವರೆಗೆ ತೆಗೆಯುವುದನ್ನು ನಿಲ್ಲಿಸಿದರು, ಬಲೆಯ ಕಣ್ಣಿಗೆ ಕನಿಷ್ಠ ಅಳತೆ ಗೊತ್ತುಮಾಡಿದರು, ಮೀನುಗಾರರು, ಮಾರುವವರು, ವಿಜ್ಞಾನಿಗಳು, ಇಲಾಖೆಯವರು ಕೂಡಿದ ಮಂಡಳಿ ಮಾಡಿಕೊಂಡರು. 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಭಾರತದಲ್ಲಿ ಮೊದಲು ಸಿಕ್ಕದ್ದು ಆ ಬಳಚಿಗೆ. ವಿಯೆಟ್ನಾಮಿನ ಬೆನ್ ಚೆ ಪ್ರಾಂತದ ಸಹಕಾರ ಸಂಘಗಳು ಅದನ್ನು 2009ರಲ್ಲೇ ಪಡೆದಿದ್ದವು. ಅಲ್ಲಿ ಬಳಚಿನ ದಿಬ್ಬಗಳನ್ನು ಕಾಯುವ, ಸರದಿಯಲ್ಲಿ ತೆಗೆಯುವ, ಬಂದದ್ದನ್ನು ಹಂಚುವ ಅಧಿಕಾರವನ್ನು ಸಂಘಕ್ಕೇ ಕೊಟ್ಟಿದ್ದಾರೆ. ಅವರ ಸಹಕಾರ ಸಂಘಕ್ಕೆ ನೀರಿದೆ, ನಮ್ಮದಕ್ಕೆ ಡೀಸೆಲ್ ಇದೆ.

ಸರದಿಯ ಮಾತು ಬಂದದ್ದರಿಂದ ಟರ್ಕಿಯ ಅಲಾನ್ಯದ ಮೀನುಗಾರರನ್ನು ಇಲ್ಲಿ ನೆನೆಯಬೇಕು. ಎಲಿನಾರ್ ಆಸ್ಟ್ರಂ 1990ರ ತಮ್ಮ ಪುಸ್ತಕದಲ್ಲಿ ವಿವರಿಸಿ ಜಗತ್ತಿಗೆ ಪರಿಚಯಿಸಿದವರು ಅವರು. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ ಆಸ್ಟ್ರಂ, 2009ರಲ್ಲಿ. ಅಲಾನ್ಯದಲ್ಲಿ ಇದ್ದವರು ಸುಮಾರು ನೂರು ಜನ ಸಣ್ಣ ಮೀನುಗಾರರು. 1970ರ ದಶಕದ ಆರಂಭಕ್ಕೆ ಒಳ್ಳೆಯ ಜಾಗಕ್ಕಾಗಿ ಹೊಡೆದಾಟವಾಗುತ್ತಿತ್ತು. ಸ್ಥಳೀಯ ಸಹಕಾರ ಸಂಘದವರು ಬಲೆ ಹಾಕುವ ಜಾಗಗಳನ್ನೆಲ್ಲ ಹೆಸರಿಸಿ ಪಟ್ಟಿಮಾಡಿದರು, ಒಂದರ ಬಲೆ ಇನ್ನೊಂದರ ಮೀನನ್ನು ತಡೆಯದಷ್ಟು ಅಂತರ ಇಟ್ಟರು. ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದು ಜಾಗ. ಅಲ್ಲಿಂದ ಜನವರಿಯವರೆಗೆ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುವುದು, ಜನವರಿಯಿಂದ ಮೇ ತಿಂಗಳವರೆಗೆ ಪಶ್ಚಿಮಕ್ಕೆ. ಮೀನು ವಲಸೆ ಹೋಗುವ ದಿಕ್ಕನ್ನು ನೋಡಿ ಮಾಡಿದ ಏರ್ಪಾಟು, ಎಲ್ಲರಿಗೂ ಒಳ್ಳೆಯ ಜಾಗದ ಸರದಿ ಬಂದೇ ಬರುತ್ತದೆ. ಸಂಘದ ಸದಸ್ಯನಲ್ಲದವನಿಗೂ ಚೀಟಿ ಇತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಪರದೇಶದ ಮಾತೇ ಬೇಡ ಎನ್ನುವವರಿಗೆ ಚೆನ್ನೈನ ಮಗ್ಗುಲಿನ ಪುಲಿಕಾಟ್ ಸರೋವರ ಇದೆ. ಅಲ್ಲಿನ ಮೀನುಗಾರರು ಪಾಡು ಎಂಬ ಕಟ್ಟಿನಲ್ಲಿ ಬಹುಕಾಲದಿಂದ ಬಲೆಯ ಜಾಗವನ್ನು ಸರದಿಗೆ ಹಂಚಿಕೊಂಡು ಬಂದಿದ್ದಾರೆ.

ನಮಗೆ ಸೇರಿದ್ದ ದ್ವೀಪಗಳು ಇನ್ನೂ ಕೆಲವಿದ್ದವು. ಲಕ್ಷದ್ವೀಪದ ಉತ್ತರದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದು, 1799ರ ಬಳಿಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರವರೆಗೂ ಮಂಗಳೂರಿನ ಆಡಳಿತದಲ್ಲಿದ್ದವು. ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಜನ. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಅವರು ನಮ್ಮಿಂದ ಬೇರೆಯಾದರು, ಇದನ್ನು ನಮ್ಮ ಪಠ್ಯಗಳು ಹೇಳುವುದಿಲ್ಲ.

ಅದೇ ಲಕ್ಷದ್ವೀಪದ ದಕ್ಷಿಣದ ಮಿನಿಕಾಯ್ ದ್ವೀಪದವರು ಟ್ಯೂನಾವನ್ನು, ನಮ್ಮವರು ಕೇದರ ಎನ್ನುವ ಮೀನನ್ನು, ಕೋಲು-ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. 1960ರ ದಶಕದಿಂದೀಚೆಗೆ ಈ ವಿದ್ಯೆ ಉತ್ತರದ ದ್ವೀಪಗಳಿಗೂ ಹರಡಿತು. ಹವಳದಿಬ್ಬದೊಳಗಿನ ತಿಳಿನೀರಿನಲ್ಲಿ ಮೊದಲು ಸಣ್ಣ ಮೀನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಒಯ್ದು, ಆಳಕಡಲಲ್ಲಿ ಎರಚಿ, ಮೇಲಿಂದ ನೀರು ಚಿಮುಕಿಸಿದರೆ ದೊಡ್ಡ ಮೀನು ಮುತ್ತುತ್ತದೆ. ಎರೆಮೀನು ಸಿಗದ ದಿನ ದೋಣಿ ಹೊರಡುವಂತಿಲ್ಲ. ಒಬ್ಬ ಆತುರಗಾರ ಹವಳದ ಕೊಳವನ್ನು ಬರಿದು ಮಾಡಿದರೆ ಇಡೀ ದ್ವೀಪದ ದೋಣಿಗಳು ದಡದಲ್ಲೇ. ಆದ್ದರಿಂದ ಎರೆಮೀನನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ರೂಢಿ ಅಲ್ಲಿದೆ. ಬೆಂಗಳೂರಿನಲ್ಲಿ ಕಚೇರಿ ಇಟ್ಟಿರುವ ದಕ್ಷಿಣ್ ಫೌಂಡೇಶನ್ ಅಲ್ಲಿನ ಮೀನುಗಾರರೊಡನೆ ಕೂಡಿ, ಅವರೇ ದಿನದ ಹಿಡಿತವನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ತೊಡಗಿತು. ತಮ್ಮ ನೀರಿನ ಲೆಕ್ಕ ತಮ್ಮ ಕೈಬರಹದಲ್ಲಿ ಇರುವುದು ಸಣ್ಣ ಸಂಗತಿಯೇನಲ್ಲ. ಹೊರಗಿನ ದೊಡ್ಡ ದೋಣಿ ಬಂದು ಪ್ರಖರ ದೀಪ ಉರಿಸಿ ಮೀನು ಸೆಳೆದಾಗ ವಾದಿಸಲು ಆ ಪುಸ್ತಕ ಬೇಕಾಗುತ್ತದೆ. ಅಂಥ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದ್ದರೂ ಅದರ ಜಗಳ ನಮ್ಮ ಕರಾವಳಿಯಲ್ಲೂ ಮುಗಿದಿಲ್ಲ.

ಇಷ್ಟು ನೋಡಿದ ಮೇಲೆ ನಮ್ಮಲ್ಲಿ ಏನು ಆಗಬೇಕು? ಸಣ್ಣ ಮೀನುಗಾರರ ಹಕ್ಕುಗಳ ಕುರಿತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು, 2022ನ್ನು ಅವರ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿತು. ಆ ಮಾತುಗಳಲ್ಲಿ ನನಗೆ ನಂಬಿಕೆ ಇದೆ. ಅವು ಐಗಳಕುರ್ವೆಯ ದಂಡೆಗೆ ಇಳಿಯಬೇಕಾದರೆ ಸಹಕಾರ ಸಂಘದ ಬೈಲಾದಲ್ಲಿ ನೀರು ಸೇರಬೇಕು. ಒಂದು ಅಳಿವೆಗೆ ಒಂದು ಸಂಘ. ಬಳಚಿನ ಬಿಡುವಿನ ಕಾಲ, ಬಲೆಯ ಕಣ್ಣಿನ ಅಳತೆ, ಗಜನಿಯ ಬಾಗಿಲಿನ ಸಮಯ, ಮರಳು ತೆಗೆಯಲು ಒಪ್ಪಿಗೆ ಇವೆಲ್ಲ ಅದರ ಮುಂದೆ ಬಂದು ಹೋಗಬೇಕು. ಪಾವೂರು ಉಳಿಯದ ಜನ ಮರಳುಗಾರಿಕೆಯಿಂದ ತಮ್ಮ ದ್ವೀಪವೇ ಕರಗುತ್ತಿದೆ ಎಂದು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಮರಳಿಗೆ ಪರವಾನಗಿ ಕೊಡುವ ಕಚೇರಿಗೂ ಮೀನಿಗೆ ಸಾಲ ಕೊಡುವ ಸಂಘಕ್ಕೂ ಮಾತುಕತೆಯೇ ಇಲ್ಲದಿದ್ದರೆ ಯಾರ ಮೊರೆ ಯಾರು ಕೇಳಬೇಕು?

ಸದಸ್ಯತ್ವದ ವಿಷಯ ಇನ್ನೂ ತುರ್ತಿನದು. ದೋಣಿ, ಬಲೆ ಉಳ್ಳವರೇ ಮೀನುಗಾರರು ಎಂಬ ಎಣಿಕೆಯಲ್ಲಿ ಬಳಚು ಹೆಕ್ಕುವವಳು, ಒಣಮೀನು ಮಾಡುವವಳು, ಬುಟ್ಟಿ ಹೊತ್ತು ಮಾರುವವಳು ಹೊರಗುಳಿಯುತ್ತಾರೆ. ಉಡುಪಿಯಲ್ಲಿ ಹಸಿಮೀನು ಮಾರುವ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡು ಮಾರುಕಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಲು ಹೋರಾಡಿದ್ದಾರೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಯೋಜನೆ ಬಂದಾಗ ಮೀನು ಒಣಗಿಸುವ ಮರಳುದಂಡೆಗಾಗಿ ಮುಂದೆ ನಿಂತವರಲ್ಲೂ ಹೆಂಗಸರು ಬಹಳ. ಹಾಲಿನ ಸಂಘಗಳಲ್ಲಿ ಹಸು ಯಾರ ಹೆಸರಿನಲ್ಲಿದೆ ಎನ್ನುವುದಕ್ಕಿಂತ ಹಾಲು ಯಾರು ತರುತ್ತಾರೆ ಎಂದು ನೋಡಿ ಮಹಿಳಾ ಸಂಘಗಳನ್ನೇ ಕಟ್ಟಿದ ಅನುಭವ ಈ ರಾಜ್ಯಕ್ಕಿದೆ. ನಮ್ಮ ಪಕ್ಕದ ಡೈರಿಯಿಂದ ಮೀನುಗಾರಿಕೆ ಕಲಿಯಬಹುದಾದ ಪಾಠ ಇದು. ಹಾಲಿನ ಬೆಲೆಯ ಸೂತ್ರಕ್ಕಿಂತ ಇದು ಬೆಲೆಯುಳ್ಳದ್ದು.

ಅಘನಾಶಿನಿಗೆ ಈಗ ರಾಮ್ಸಾರ್ ಗೌರವ ಇರುವುದರಿಂದ ಅದರ ನಿರ್ವಹಣೆಗೆ ಯೋಜನೆಯೊಂದು ಬೇಕಾಗುತ್ತದೆ. ಆ ಯೋಜನೆಯಲ್ಲಿ ಹಕ್ಕಿಗಳ ಪಟ್ಟಿ, ಕಾಂಡ್ಲಾಗಿಡಗಳ (ಮ್ಯಾಂಗ್ರೋವ್) ಪಟ್ಟಿ ಖಂಡಿತ ಇರುತ್ತದೆ, ಇರಬೇಕು. ಅದರೊಂದಿಗೆ ಬಳಚು ತೆಗೆಯುವವರ, ಗಾಳದವರ, ಬೀಸುಬಲೆಯವರ ಪಟ್ಟಿಯನ್ನೂ ಊರೂರಿನಲ್ಲಿ, ಕುರ್ವೆಯಲ್ಲಿ ಕೂತು ಬರೆಯಬೇಕೆಂದು ಈ ಸಭೆಯ ಮೂಲಕ ಮೀನುಗಾರಿಕೆ ಇಲಾಖೆಯನ್ನೂ ಸಹಕಾರ ಇಲಾಖೆಯನ್ನೂ ಕೇಳಿಕೊಳ್ಳುತ್ತೇನೆ. ಹೆಂಗಸರ ಹೆಸರು ಗಂಡಸರ ಹೆಸರಿನ ಕೆಳಗೆ ಬರದೆ ಅವರದೇ ಸಾಲಿನಲ್ಲಿ ಬರಲಿ. ಬಿಡುವಿನ ತಿಂಗಳು ಯಾವುದಿರಬೇಕು ಎಂದು ಅವರನ್ನೇ ಕೇಳಲಿ, ಆ ತಿಂಗಳುಗಳಿಗೆ ಸಾಂಪ್ರದಾಯಿಕ ಮೀನುಗಾರರಿಗೆ ಕೊಡುವಂಥ ಉಳಿತಾಯ-ಪರಿಹಾರದ ನೆರವನ್ನು ಬಳಚಿನವರಿಗೂ ಕೊಡಲಿ. ಮಡಿವಾಳದ ಮೀನಿನಂಗಡಿಯಲ್ಲಿ ಬಳಚು ಕೊಳ್ಳುವ ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಉಗುರಿನಷ್ಟು ಎಳೆಯ ಚಿಪ್ಪು ತಂದು ಸುರಿದಿದ್ದರೆ ಅದನ್ನು ಕೊಳ್ಳದೆ, ಯಾವ ಹೊಳೆಯದೆಂದು ಅಂಗಡಿಯವರನ್ನು ಕೇಳಿ.